ರಾತ್ರಿ ಬ್ಯಾಕಪ್ ಟಾಸ್ಕ್ ದಿನಾ ‘ಸಕ್ಸಸ್’ ಅನ್ನುತ್ತಿದೆ, ನೋಡಿದರೆ ಫೈಲೇ ಇಲ್ಲ

ಬ್ಯಾಡಗಿ_ಲೆಕ್ಕದವ
ಶುಕ್ರವಾರ, ಬೆಳಿಗ್ಗೆ 10:25

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಕಂಪ್ಯೂಟರ್ ಓದಿದವನಲ್ಲ. ಆದರೆ ಅಂಗಡಿಯಲ್ಲಿ ಬೇರೆ ಯಾರಿಗೂ ಬರಲ್ಲ ಅಂತ ಪಿಸಿ, ಪ್ರಿಂಟರ್, ವೈಫೈ, ಸಾವ್ಕಾರರ ಮೊಬೈಲು ಎಲ್ಲಾ ನನ್ನ ತಲೆಗೇ ಬಂದಿದೆ.

ದಿನಾ ರಾತ್ರಿ ಟ್ಯಾಲಿ ಡೇಟಾ ಬ್ಯಾಕಪ್ ಆಗಲಿ ಅಂತ ಎರಡು ವರ್ಷದ ಹಿಂದೆ ಒಂದು ಬ್ಯಾಚ್ ಫೈಲ್ (ಕಮಾಂಡ್‌ಗಳನ್ನು ಸಾಲಾಗಿ ಓಡಿಸುವ ಫೈಲ್) ಬರೆದಿಟ್ಟಿದ್ದೆ. ಬರೆದೆ ಅಂದರೆ ಅಲ್ಲಿ ಇಲ್ಲಿ ನೋಡಿ ಅಂಟಿಸಿದ್ದು ಅಷ್ಟೇ. ಅದು ಮೊದಲು 7-ಜಿಪ್‌ನಿಂದ ಡೇಟಾ ಫೋಲ್ಡರನ್ನ ಜಿಪ್ ಮಾಡಿ ಡಿ ಡ್ರೈವ್‌ನ ಬ್ಯಾಕಪ್ ಫೋಲ್ಡರ್‌ಗೆ ಹಾಕುತ್ತದೆ, ಫೈಲ್ ಹೆಸರಿನಲ್ಲಿ ತಾರೀಖು ಮತ್ತು ಟೈಮ್ ಇರುತ್ತದೆ. ಆಮೇಲೆ ಆ ಜಿಪ್‌ಅನ್ನು ಮೇಲಿನ ಮಹಡಿಯಲ್ಲಿರುವ ನ್ಯಾಸ್ ಬಾಕ್ಸ್‌ಗೆ ಕಾಪಿ ಮಾಡುತ್ತದೆ, ಅದು ನೆಟ್‌ವರ್ಕ್‌ನಲ್ಲಿರುವ ಬೇರೆ ಡಿಸ್ಕ್ ಪೆಟ್ಟಿಗೆ, ನಮ್ಮ ಪಿಸಿಯಲ್ಲಿ ಝಡ್ ಡ್ರೈವ್ ಅಂತ ಕಾಣುತ್ತದೆ. ಕೊನೇ ಸಾಲು ಫೋರ್‌ಫೈಲ್ಸ್, ಡಿ ಡ್ರೈವ್‌ನಲ್ಲಿ 15 ದಿನ ದಾಟಿದ ಜಿಪ್‌ಗಳನ್ನು ಅಳಿಸುತ್ತದೆ. ಸೋಮವಾರದಿಂದ ಶನಿವಾರ ರಾತ್ರಿ 11:30ಕ್ಕೆ ಟಾಸ್ಕ್ ಶೆಡ್ಯೂಲರ್ ಇದನ್ನು ಓಡಿಸುತ್ತಿತ್ತು. ಎರಡು ವರ್ಷದಲ್ಲಿ ಒಂದು ದಿನವೂ ಕೈಕೊಟ್ಟಿರಲಿಲ್ಲ.

ಹನ್ನೆರಡು ದಿನದ ಹಿಂದೆ, ಭಾನುವಾರ, ಹಳೇ ಪಿಸಿ ತೆಗೆದು ವಿಂಡೋಸ್ 11 ಇರುವ ಹೊಸದು ಇಟ್ಟೆವು. ಹಳೇ ಬ್ಯಾಕಪ್ ಫೋಲ್ಡರ್, ಬ್ಯಾಚ್ ಫೈಲ್ ಎಲ್ಲಾ ಹಾಗೇ ತಂದು ಹಾಕಿದೆ. ಈಗ ಸೀಸನ್ ಅಲ್ವಾ, ಸೋಮವಾರ ಮತ್ತು ಗುರುವಾರ ಮಾರುಕಟ್ಟೆ ದಿನ ರೈತರ ಪಟ್ಟಿ ಬರೆದು ಮುಗಿಸುವಷ್ಟರಲ್ಲಿ ರಾತ್ರಿ 12 ದಾಟುತ್ತದೆ, ಅದಕ್ಕೆ ಟಾಸ್ಕ್ ಟೈಮನ್ನೂ ಅವತ್ತೇ 1:30ಕ್ಕೆ ಸರಿಸಿದೆ.

ನಿನ್ನೆ ಯಾರೋ ಹಳೇ ಪಟ್ಟಿ ಕೇಳಿದರು ಅಂತ ನ್ಯಾಸ್ ತೆರೆದರೆ ಎದೆ ಧಸಕ್ಕೆಂದಿತು. ಕೊನೇ ಫೈಲ್ ಹಳೇ ಪಿಸಿಯದೇ. ಹೊಸದು ಬಂದ ಮೇಲೆ ಒಂದೂ ಬಿದ್ದಿಲ್ಲ. ಆದರೆ ಶೆಡ್ಯೂಲರ್‌ನಲ್ಲಿ ನೋಡಿದಾಗಲೆಲ್ಲಾ ಲಾಸ್ಟ್ ರನ್ ರಿಸಲ್ಟ್ 0ಎಕ್ಸ್0, ಸಕ್ಸಸ್‌ಫುಲಿ ಅಂತಲೇ ಇತ್ತು! ಇವತ್ತು ಬೆಳಿಗ್ಗೆ 10 ಗಂಟೆಗೆ ಅಂಗಡಿಗೆ ಬಂದವನೇ ಬ್ಯಾಚ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದೆ, ಜಿಪ್ ಆಯಿತು, ನ್ಯಾಸ್‌ಗೂ ಹೋಯಿತು. ಕೈಯಲ್ಲಿ ಮಾಡಿದರೆ ಆಗುತ್ತದೆ, ರಾತ್ರಿ ತಾನೇ ಓಡಿದರೆ ಆಗಲ್ಲ. ಮಾರ್ಚ್ 31 ಬೇರೆ ಹತ್ತಿರ ಬಂತು. ಸಾವ್ಕಾರರಿಗೆ ಇನ್ನೂ ಹೇಳಿಲ್ಲ. ಎಲ್ಲಿ ನೋಡಲಿ?


ಉಣಕಲ್_ದಂಡೆ
ಶುಕ್ರವಾರ, ಬೆಳಿಗ್ಗೆ 10:41

ಪರ್ಮಿಷನ್ ಸಮಸ್ಯೆ, ಮತ್ತೇನೂ ಅಲ್ಲ. ‘ರನ್ ವಿತ್ ಹೈಯೆಸ್ಟ್ ಪ್ರಿವಿಲೇಜಸ್’ ಟಿಕ್ ಮಾಡಿ. ಆಗದಿದ್ದರೆ ಯೂಸರ್ ಬದಲು ಸಿಸ್ಟಮ್ ಅಕೌಂಟ್ ಹಾಕಿ ಬಿಡಿ. ಹುಬ್ಬಳ್ಳಿಯಲ್ಲಿ ನಾನು ನೋಡಿಕೊಳ್ಳುವ ಎಂಟು-ಹತ್ತು ಅಂಗಡಿಗಳಲ್ಲಿ ಹೀಗೇ ಮಾಡಿದ್ದೇನೆ.


ಸಪ್ತಾಪುರ_ಸಂಜೆ
ಶುಕ್ರವಾರ, ಬೆಳಿಗ್ಗೆ 11:02

ಲೆಕ್ಕದವರೇ, ಬೇರೆ ಏನು ಮಾಡೋದಕ್ಕೂ ಮೊದಲು ಆ ಫೋರ್‌ಫೈಲ್ಸ್ ಸಾಲಿನ ಶುರುವಿಗೆ ರೆಮ್ ಅಂತ ಹಾಕಿ ಸೇವ್ ಮಾಡಿ, ಆಗ ಆ ಸಾಲು ಓಡಲ್ಲ. ಈಗಲೇ. ಹೊಸ ಬ್ಯಾಕಪ್ ಬೀಳುತ್ತಿಲ್ಲ, ಆದರೆ ಹಳೆಯದು ದಿನಕ್ಕೊಂದರಂತೆ ಅಳಿಸುತ್ತಾ ಇದೆ. ಡಿ ಡ್ರೈವ್‌ನಲ್ಲಿ ಹಳೇ ಪಿಸಿಯ ಜಿಪ್ ಎಷ್ಟು ಉಳಿದಿವೆ ಎಣಿಸಿ ನೋಡಿ. ನನ್ನ ಲೆಕ್ಕದಲ್ಲಿ ಎರಡೇ ಇರಬೇಕು.

ಆ 0ಎಕ್ಸ್0 ಕಥೆಯೂ ಇದೇ. ಬ್ಯಾಚ್ ಫೈಲ್ ಮುಗಿದಾಗ ಶೆಡ್ಯೂಲರ್‌ಗೆ ಸಿಗುವುದು ಕೊನೇ ಕಮಾಂಡ್‌ನ ಫಲಿತಾಂಶ ಮಾತ್ರ. ಮಧ್ಯದಲ್ಲಿ ಜಿಪ್ ಕೆಟ್ಟಿತೋ, ಕಾಪಿ ಕೆಟ್ಟಿತೋ ಅದಕ್ಕೆ ಗೊತ್ತಿಲ್ಲ. ನಿಮ್ಮದರಲ್ಲಿ ಕೊನೇ ಕಮಾಂಡ್ ಫೋರ್‌ಫೈಲ್ಸ್. ಹಳೇ ಜಿಪ್ ಸಿಕ್ಕಿ ಅಳಿಸಿದರೆ ಅದು ಸೊನ್ನೆ ಕೊಡುತ್ತದೆ. ಅಂದರೆ ಇಷ್ಟು ದಿನ ‘ಸಕ್ಸಸ್’ ಅಂದಿದ್ದು ಬ್ಯಾಕಪ್ ಆಯಿತು ಅಂತಲ್ಲ, ಹಳೇ ಬ್ಯಾಕಪ್ ಅಳಿಸಿದೆ ಅಂತ. ಇನ್ನೊಂದು ತಮಾಷೆ ಕೇಳಿ. ಅಳಿಸಲು ಏನೂ ಸಿಗದಿದ್ದರೆ ಫೋರ್‌ಫೈಲ್ಸ್ 1 ಕೊಡುತ್ತದೆ. ಹೀಗೇ ಬಿಟ್ಟಿದ್ದರೆ ಬರುವ ಮಂಗಳವಾರ ನಿಮಗೆ ಮೊದಲ ಸಲ 0ಎಕ್ಸ್1 ಕಾಣುತ್ತಿತ್ತು, ಡಿ ಡ್ರೈವ್‌ನ ಹಳೇ ಜಿಪ್ ಪೂರಾ ಖಾಲಿ ಆದ ಮೇಲೆ.

ಈಗ ಇಷ್ಟು ಮಾಡಿ ಹೇಳಿ. ಡಬಲ್ ಕ್ಲಿಕ್ ಬೇಡ, ಶೆಡ್ಯೂಲರ್ ಒಳಗೆ ಹೋಗಿ ಟಾಸ್ಕ್ ಮೇಲೆ ರೈಟ್ ಕ್ಲಿಕ್, ರನ್. ಎರಡೂ ಒಂದೇ ಅಲ್ಲ. ಡಬಲ್ ಕ್ಲಿಕ್ ಮಾಡಿದಾಗ ನಿಮ್ಮ ಲಾಗಿನ್, ನಿಮ್ಮ ಝಡ್ ಡ್ರೈವ್ ಎಲ್ಲಾ ಜೊತೆಗಿರುತ್ತವೆ. ಶೆಡ್ಯೂಲರ್ ಓಡಿಸುವಾಗ ಇರಲೇಬೇಕು ಅಂತಿಲ್ಲ. ಅದಕ್ಕೆ ಮುಂಚೆ ಬ್ಯಾಚ್ ಫೈಲ್‌ನ ಪ್ರತಿ ಸಾಲಿನ ಕೊನೆಗೆ >> ಹಾಕಿ, ಒಂದು ಲಾಗ್ ಫೈಲಿನ ಪೂರ್ತಿ ಪಾತ್ ಬರೆದು, ಅದಾದ ಮೇಲೆ 2>&1 ಅಂತ ಸೇರಿಸಿ. ಎರರ್ ಬಂದರೆ ಅದೂ ಅಲ್ಲೇ ಬೀಳುತ್ತದೆ. ಡಿ ಡ್ರೈವ್‌ನ ಬ್ಯಾಕಪ್ ಫೋಲ್ಡರಿನಲ್ಲಿ ಜಿಪ್ ಬಿಟ್ಟು ಬೇರೆ ಏನೇನಿದೆ ನೋಡಿ, ಕಸ ಅಂದುಕೊಂಡು ಏನನ್ನೂ ಅಳಿಸಬೇಡಿ. ಟಾಸ್ಕ್‌ನ ಜನರಲ್ ಟ್ಯಾಬ್‌ನಲ್ಲಿ ಏನು ಆರಿಸಿದ್ದೀರಿ ಅದನ್ನೂ ಬರೆಯಿರಿ.

ಉಣಕಲ್ ಅವರೇ, ಸಿಸ್ಟಮ್ ಅಕೌಂಟ್ ಹಾಕಿದರೆ ಇನ್ನೂ ಕೆಡುತ್ತದೆ. ಅದಕ್ಕೆ ಇವರ ಝಡ್ ಡ್ರೈವ್ ಕಾಣಲ್ಲ, ನ್ಯಾಸ್‌ಗೂ ಅದು ಯಾರು ಅಂತ ಗೊತ್ತಾಗಲ್ಲ.


ಬ್ಯಾಡಗಿ_ಲೆಕ್ಕದವ
ಶುಕ್ರವಾರ, ಮಧ್ಯಾಹ್ನ 12:20

ಸರ್, ನೀವು ಹೇಳಿದ ಹಾಗೆ ರೆಮ್ ಹಾಕಿದೆ. ಎಣಿಸಿದೆ, ಹಳೇ ಪಿಸಿಯವು ಎರಡೇ ಉಳಿದಿವೆ. ನಿಮಗೆ ಅಲ್ಲಿ ಕೂತು ಹೇಗೆ ಗೊತ್ತಾಯಿತು?

ಶೆಡ್ಯೂಲರ್‌ನಿಂದ 11:40ಕ್ಕೆ ರನ್ ಕೊಟ್ಟೆ. ಡಿ ಡ್ರೈವ್‌ನಲ್ಲಿ ಜಿಪ್ ಸರಿಯಾದ ಹೆಸರಿನಲ್ಲಿ ಬಂತು. ನ್ಯಾಸ್‌ಗೆ ಮಾತ್ರ ಹೋಗಲಿಲ್ಲ. ಲಾಗ್‌ನಲ್ಲಿ ಕಾಪಿ ಜಾಗದಲ್ಲಿ ‘ಪಾತ್ ಸಿಗುತ್ತಿಲ್ಲ’ ಅನ್ನೋ ಅರ್ಥದ ಎರರ್ ಇದೆ.

ಇನ್ನೊಂದು ವಿಚಿತ್ರ. ಅದೇ ಫೋಲ್ಡರಿನಲ್ಲಿ ಹನ್ನೊಂದು ಬೇರೆ ಫೈಲ್ ಇವೆ, ನಾನು ಜಿಪ್ ಮಾತ್ರ ನೋಡುತ್ತಿದ್ದೆ, ಇವು ಕಣ್ಣಿಗೇ ಬಿದ್ದಿರಲಿಲ್ಲ. ಹೆಸರು ಅರ್ಧಕ್ಕೇ ನಿಂತಿದೆ. ಟ್ಯಾಲಿ, ತಾರೀಖು, ಒಂದು ಅಂಡರ್‌ಸ್ಕೋರ್, ಅಷ್ಟೇ, ಟೈಮ್ ಇಲ್ಲ. ಕೊನೆಗೆ ಜಿಪ್ ಬದಲು 7ಝಡ್ ಅಂತಿದೆ. ಸೈಜ್ ನೋಡಿದರೆ ನಮ್ಮ ಜಿಪ್‌ನಷ್ಟೇ ದೊಡ್ಡವು.

ಜನರಲ್ ಟ್ಯಾಬ್‌ನಲ್ಲಿ ‘ಯೂಸರ್ ಲಾಗಿನ್ ಇರಲಿ ಬಿಡಲಿ ಓಡಿಸು’ ಅನ್ನೋದನ್ನ ಆರಿಸಿದ್ದೇನೆ. ಹಳೇದರಲ್ಲಿ ‘ಲಾಗಿನ್ ಇದ್ದಾಗ ಮಾತ್ರ’ ಇತ್ತು. ಹೊಸ ಪಿಸಿಗೆ ಪಿನ್ ಇಟ್ಟಿದ್ದೇವೆ. ಟಾಸ್ಕ್ ಸೇವ್ ಮಾಡುವಾಗ ಪಾಸ್‌ವರ್ಡ್ ಕೇಳಿತು, ಪಿನ್ ಹೊಡೆದೆ, ತಗೊಳ್ಳಲಿಲ್ಲ. ಅದಕ್ಕೆ ‘ಡು ನಾಟ್ ಸ್ಟೋರ್ ಪಾಸ್‌ವರ್ಡ್’ ಟಿಕ್ ಮಾಡಿದೆ, ಕೇಳೋದು ನಿಂತಿತು.


ಸಪ್ತಾಪುರ_ಸಂಜೆ
ಶುಕ್ರವಾರ, ಮಧ್ಯಾಹ್ನ 12:58

ಸರ್ ಅಲ್ಲ, ಅಕ್ಕ ಅಂದರೆ ಸಾಕು. ಎರಡು ಅಂದಿದ್ದು ಮಂತ್ರವೇನಲ್ಲ, 15 ದಿನದ ಲೆಕ್ಕ ಹಿಂದಕ್ಕೆ ಎಣಿಸಿದರೆ ಶುಕ್ರವಾರ ಮತ್ತು ಶನಿವಾರದ ಫೈಲ್ ಮಾತ್ರ ಉಳಿಯಬೇಕಿತ್ತು.

ಖುಷಿ ಸುದ್ದಿ ಮೊದಲು. ಆ ಹನ್ನೊಂದು ಫೈಲ್ ಇವೆಯಲ್ಲ, ಅವೇ ನಿಮ್ಮ ಬ್ಯಾಕಪ್. ಹೊಸ ಪಿಸಿ ಇಟ್ಟಾಗಿನಿಂದ ಹನ್ನೊಂದು ರಾತ್ರಿ ಟಾಸ್ಕ್ ಓಡಿದೆ, ಹನ್ನೊಂದು ಫೈಲ್. ಹೆಸರು ಕೆಟ್ಟಿದೆ, ಒಳಗಿನ ಸರಕು ಇದೆ. ಒಂದನ್ನು 7-ಜಿಪ್‌ನಲ್ಲಿ ತೆರೆದು ನೋಡಿ.

ಈಗ ಕೆಟ್ಟಿದ್ದು ಯಾಕೆ ಅಂತ. ಇಲ್ಲಿ ಒಂದಲ್ಲ, ಎರಡು ತಪ್ಪು ಒಂದರ ಮೇಲೊಂದು ಕೂತಿವೆ. ಹಗಲು ಡಬಲ್ ಕ್ಲಿಕ್ ಮಾಡಿದಾಗ ಎರಡೂ ಕಾಣಲ್ಲ, ಹಗಲು ಶೆಡ್ಯೂಲರ್‌ನಿಂದ ಓಡಿಸಿದರೆ ಒಂದು ಕಾಣುತ್ತದೆ, ರಾತ್ರಿ ಎರಡೂ.

ಮೊದಲನೆಯದು ಹೆಸರು. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಗಂಟೆ ತೆಗೆಯಲು %ಟೈಮ್:~0,2% ಅಂತ ಇರಬೇಕು ಅಲ್ವಾ? (ಕಮಾಂಡ್‌ಗಳನ್ನು ಕೇಳಿಸುವ ಹಾಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿ.) ಅಂದರೆ ಟೈಮ್‌ನ ಮೊದಲ ಎರಡು ಅಕ್ಷರ ತಗೋ ಅಂತ. ರಾತ್ರಿ 11:30ಕ್ಕೆ ಅದು 23. ಬೆಳಿಗ್ಗೆ 10ಕ್ಕೆ 10. ಆದರೆ ರಾತ್ರಿ 1:30ಕ್ಕೆ ವಿಂಡೋಸ್ ಅದನ್ನು 01 ಅಂತ ಕೊಡಲ್ಲ, ಒಂದು ಖಾಲಿ ಜಾಗ ಮತ್ತು 1 ಅಂತ ಕೊಡುತ್ತದೆ. ಬೆಳಿಗ್ಗೆ 10 ಆಗುವ ತನಕ ಹೀಗೇ. ಆ ಖಾಲಿ ಜಾಗ ಸೀದಾ ಫೈಲ್ ಹೆಸರಿನ ನಡುವೆ ಹೋಗಿ ಕೂರುತ್ತದೆ, ನೀವು ಹೆಸರಿಗೆ ಕೋಟ್ ಹಾಕಿರಲ್ಲ, ಆಗ 7-ಜಿಪ್‌ಗೆ ಒಂದು ಹೆಸರಿನ ಬದಲು ಎರಡು ಹೆಸರು ಕಾಣುತ್ತವೆ. ಮೊದಲ ತುಂಡು, ಅಂದರೆ ಅಂಡರ್‌ಸ್ಕೋರ್ ತನಕ, ಬ್ಯಾಕಪ್ ಫೈಲಿನ ಹೆಸರು ಅಂದುಕೊಳ್ಳುತ್ತದೆ. ಅದಕ್ಕೆ ಎಕ್ಸ್‌ಟೆನ್ಷನ್ ಇಲ್ಲ ಅಂತ ತಾನೇ 7ಝಡ್ ಸೇರಿಸುತ್ತದೆ. ಎರಡನೇ ತುಂಡು ‘130.ಜಿಪ್’, ಅದನ್ನು ಒಳಗೆ ಸೇರಿಸಬೇಕಾದ ಫೈಲ್ ಅಂದುಕೊಂಡು ಹುಡುಕುತ್ತದೆ, ಸಿಗಲ್ಲ, ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗಿ ನಿಮ್ಮ ಡೇಟಾ ಫೋಲ್ಡರನ್ನ ನಿಯತ್ತಾಗಿ ತುಂಬುತ್ತದೆ. ಪುಣ್ಯ ಅನ್ನಬೇಕು. ಮುಂದಿನ ಸಾಲಿನ ಕಾಪಿ ಅಷ್ಟು ಒಳ್ಳೆಯದಲ್ಲ, ಎರಡರ ಬದಲು ಮೂರು ಹೆಸರು ನೋಡಿ ಸಿಂಟ್ಯಾಕ್ಸ್ ತಪ್ಪು ಅಂತ ಕೈ ಎತ್ತುತ್ತದೆ.

ಹಾಗಾಗಿ ಹೊಸ ಪಿಸಿಯ ತಪ್ಪಲ್ಲ ಇದು. ಹಳೇ ಪಿಸಿಯಲ್ಲೇ 1:30ಕ್ಕೆ ಸರಿಸಿದ್ದರೂ ಕೆಡುತ್ತಿತ್ತು. ನೀವು ಇವತ್ತು ಹತ್ತು ನಿಮಿಷ ಬೇಗ ಬಂದು 9:50ಕ್ಕೆ ಡಬಲ್ ಕ್ಲಿಕ್ ಮಾಡಿದ್ದರೆ ಆಗಲೇ ಸಿಕ್ಕಿಬೀಳುತ್ತಿತ್ತು. ನಂಬಿಕೆ ಬರದಿದ್ದರೆ ನಾಳೆ 9:55ಕ್ಕೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಕೋ [%ಟೈಮ್%] ಹೊಡೆದು ನೋಡಿ, 10:05ಕ್ಕೆ ಇನ್ನೊಮ್ಮೆ. ಬ್ರಾಕೆಟ್ ಒಳಗಿನ ಖಾಲಿ ಜಾಗ ಕಾಣುತ್ತದೆ.

ಸರಿಪಡಿಸೋದು ಸುಲಭ. ಹೆಸರು ಕಟ್ಟುವ ಸಾಲಿನ ಕೆಳಗೆ ಇನ್ನೊಂದು ಸಾಲು: ಸೆಟ್ ಹೆಸರು=%ಹೆಸರು: =0%. ಕೋಲನ್ ಆದಮೇಲೆ ಒಂದು ಸ್ಪೇಸ್ ಇದೆ, ಮರೆಯಬೇಡಿ. ಖಾಲಿ ಜಾಗ ಇದ್ದಲ್ಲೆಲ್ಲಾ ಸೊನ್ನೆ ಇಡು ಅಂತ ಅರ್ಥ. ಜೊತೆಗೆ ಪಾತ್ ಬರುವ ಕಡೆಯೆಲ್ಲಾ ಡಬಲ್ ಕೋಟ್ ಹಾಕಿ.

ಎರಡನೆಯದು ನ್ಯಾಸ್. ಝಡ್ ಡ್ರೈವ್ ಅನ್ನೋದು ನೀವು ಲಾಗಿನ್ ಆದಾಗ ನಿಮ್ಮ ಸೆಷನ್‌ಗೆ ಮಾತ್ರ ಕಟ್ಟಿದ ಅಡ್ಡಹೆಸರು. ‘ಲಾಗಿನ್ ಇರಲಿ ಬಿಡಲಿ’ ಅಂದಾಗ ಟಾಸ್ಕ್ ಬೇರೆ ಸೆಷನ್‌ನಲ್ಲಿ ಓಡುತ್ತದೆ, ಅಲ್ಲಿ ಝಡ್ ಇಲ್ಲ. ಸ್ಕ್ರಿಪ್ಟ್‌ನಲ್ಲಿ ಝಡ್ ತೆಗೆದು \\ನ್ಯಾಸ್ ಹೆಸರು\ಫೋಲ್ಡರ್ ಅಂತ ಪೂರ್ತಿ ಬರೆಯಿರಿ. ಅಷ್ಟೇ ಮಾಡಿದರೂ ಸಾಲದು. ‘ಡು ನಾಟ್ ಸ್ಟೋರ್ ಪಾಸ್‌ವರ್ಡ್’ ಕೆಳಗೇ ಚಿಕ್ಕ ಅಕ್ಷರದಲ್ಲಿ ಬರೆದಿದೆ ನೋಡಿ, ಆ ಟಿಕ್ ಇದ್ದರೆ ಟಾಸ್ಕ್‌ಗೆ ಈ ಕಂಪ್ಯೂಟರ್ ಒಳಗಿನದ್ದು ಮಾತ್ರ ಸಿಗುತ್ತದೆ, ನೆಟ್‌ವರ್ಕ್ ಇಲ್ಲ. ಟಿಕ್ ತೆಗೆದು ಅಕೌಂಟಿನ ನಿಜವಾದ ಪಾಸ್‌ವರ್ಡ್ ಕೊಡಿ. ಪಿನ್ ಅಲ್ಲಿ ನಡೆಯಲ್ಲ. ನ್ಯಾಸ್‌ನಲ್ಲೂ ಅದೇ ಯೂಸರ್ ಹೆಸರು, ಅದೇ ಪಾಸ್‌ವರ್ಡ್ ಇರುವ ಒಂದು ಅಕೌಂಟ್ ಮಾಡಿಟ್ಟರೆ ಮತ್ತೆ ಕೇಳಲ್ಲ.

ಕೊನೆಗೆ, ಜಿಪ್ ಆದಮೇಲೆ ಒಂದು ಸಾಲು, ಕಾಪಿ ಆದಮೇಲೆ ಒಂದು ಸಾಲು: ಇಫ್ ಎರರ್‌ಲೆವೆಲ್ 1 ಎಕ್ಸಿಟ್ /ಬಿ 1. ಯಾವುದಾದರೂ ಕೆಟ್ಟರೆ ಅಲ್ಲೇ ನಿಲ್ಲುತ್ತದೆ, ಶೆಡ್ಯೂಲರ್‌ನಲ್ಲಿ 0ಎಕ್ಸ್1 ಕಾಣುತ್ತದೆ, ಮುಖ್ಯವಾಗಿ ಫೋರ್‌ಫೈಲ್ಸ್ ತನಕ ಹೋಗಲ್ಲ. ಹೊಸದು ನ್ಯಾಸ್ ಸೇರಿದ ಮೇಲೇ ಹಳೆಯದು ಅಳಿಯಬೇಕು. ರಾತ್ರಿ ಟ್ಯಾಲಿ ಮುಚ್ಚಿ ಹೋಗಿ ಅಂತ ಹುಡುಗರಿಗೆ ಹೇಳಿಡಿ.


ಉಣಕಲ್_ದಂಡೆ
ಶುಕ್ರವಾರ, ಮಧ್ಯಾಹ್ನ 1:15

ಸರಿ ಅಕ್ಕಾವ್ರೆ, ಒಪ್ಪಿದೆ. ನನ್ನ ಕಡೆಯ ಅಂಗಡಿಗಳಲ್ಲಿ ಎಲ್ಲಾ ಪೆನ್‌ಡ್ರೈವ್ ಬ್ಯಾಕಪ್ಪೇ, ನೆಟ್‌ವರ್ಕ್ ಇಲ್ಲ, ಅದಕ್ಕೆ ಸಿಸ್ಟಮ್ ಅಕೌಂಟ್ ನಡೆದಿದೆ. ಆದರೆ ಈ ಟೈಮ್ ಕತ್ತರಿಸೋ ಆಟವೇ ಬೇಡ ಅಂತೀನಿ. ವಿಂಡೋಸ್‌ನದೇ ಹಳೇ ಡಬ್ಲ್ಯುಎಂಐಸಿ ಕಮಾಂಡ್‌ನಿಂದ ಲೋಕಲ್ ಡೇಟ್‌ಟೈಮ್ ತಗೊಳ್ಳಿ, ಯಾವಾಗಲೂ ಸರಿಯಾಗಿ ಸೊನ್ನೆ ಸೇರಿಸಿಯೇ ಕೊಡುತ್ತದೆ.


ಸಪ್ತಾಪುರ_ಸಂಜೆ
ಶುಕ್ರವಾರ, ಮಧ್ಯಾಹ್ನ 1:31

ಹಳೇ ಪಿಸಿಗಳಿಗೆ ಸರಿ. ಇವರದು ಹೊಸ ವಿಂಡೋಸ್ 11. 2024ರಲ್ಲಿ ಬಂದ ಅದರ 24ಎಚ್2 ಆವೃತ್ತಿಯಿಂದ ಡಬ್ಲ್ಯುಎಂಐಸಿ ತಾನಾಗಿ ಇರಲ್ಲ, ಬೇಕಿದ್ದರೆ ಬೇರೆ ಸೇರಿಸಿಕೊಳ್ಳಬೇಕು. ಪವರ್‌ಶೆಲ್‌ನ ಗೆಟ್-ಡೇಟ್ ಕಮಾಂಡ್ ವಾಸಿ. ಫಾರ್ಮ್ಯಾಟ್ ಬರೆಯುವಾಗ ತಿಂಗಳಿಗೆ ದೊಡ್ಡ ಎಂ, ನಿಮಿಷಕ್ಕೆ ಚಿಕ್ಕ ಎಂ, ಅದು ಅದಲು ಬದಲಾದರೆ ಇನ್ನೊಂದು ಪೇಚಾಟ. %ಡೇಟ್% ಕೂಡ ಇಂಥದ್ದೇ, ಅದು ಪಿಸಿಯ ರೀಜನ್ ಸೆಟ್ಟಿಂಗ್ ಪ್ರಕಾರ ಬದಲಾಗುತ್ತದೆ. ಇಂಡಿಯಾ ಇದ್ದರೆ ದಿನ-ತಿಂಗಳು-ವರ್ಷ. ಅಮೆರಿಕ ಇದ್ದರೆ ಶುರುವಿಗೆ ವಾರದ ಹೆಸರು, ನಡುವೆ ಓರೆಗೆರೆ, ಫೈಲ್ ಹೆಸರಿನಲ್ಲಿ ಓರೆಗೆರೆ ನಡೆಯಲ್ಲ. ಆದರೆ ಇವತ್ತಿಗೆ ಲೆಕ್ಕದವರು ಆ ಒಂದು ಸಾಲು ಸೇರಿಸಿದರೆ ಸಾಕು. ಸೀಸನ್ ನಡುವೆ ಪೂರಾ ಬಿಚ್ಚಿ ಕಟ್ಟೋದು ಬೇಡ.


ಬೆಟಗೇರಿ_ಮಗ್ಗ
ಶುಕ್ರವಾರ, ಸಂಜೆ 6:10

ತಡವಾಗಿ ಬಂದೆ, ಗದಗದಲ್ಲಿ ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಅದರಿಂದಲೇ ನೆನಪಾಯಿತು. ಲೆಕ್ಕದವರೇ, ನಿಮ್ಮ ಯುಪಿಎಸ್‌ನಿಂದ ಪಿಸಿಗೆ ಯುಎಸ್‌ಬಿ ಕೇಬಲ್ ಹೋಗಿದೆಯಾ? ಹೋಗಿದ್ದರೆ ವಿಂಡೋಸ್ ಅದನ್ನು ಲ್ಯಾಪ್‌ಟಾಪ್ ಬ್ಯಾಟರಿ ಥರ ನೋಡುತ್ತದೆ. ಟಾಸ್ಕ್‌ನ ಕಂಡೀಷನ್ಸ್ ಟ್ಯಾಬ್‌ನಲ್ಲಿ ‘ಎಸಿ ಪವರ್ ಇದ್ದರೆ ಮಾತ್ರ ಶುರು ಮಾಡು’ ಅನ್ನೋದು ಮೊದಲಿನಿಂದಲೇ ಟಿಕ್ ಆಗಿರುತ್ತದೆ. ರಾತ್ರಿ 1:30ಕ್ಕೆ ಕರೆಂಟ್ ಹೋಗಿದ್ದರೆ ಯುಪಿಎಸ್ ಗಟ್ಟಿಯಾಗಿದ್ದರೂ ಬ್ಯಾಕಪ್ ಶುರುವೇ ಆಗಲ್ಲ. ತೆಗೆದುಬಿಡಿ. ಸೆಟ್ಟಿಂಗ್ಸ್ ಟ್ಯಾಬ್‌ನಲ್ಲಿ ತಪ್ಪಿಹೋದ ಟಾಸ್ಕನ್ನ ಆಮೇಲೆ ಓಡಿಸು ಅನ್ನೋದಿದೆ, ಅದನ್ನು ಹಾಕಿ.

ನಾನು ಲಿನಕ್ಸ್ ಕಡೆಯವನು, ನಮ್ಮಲ್ಲೂ ಇದೇ ಗೋಳು, ರೂಪ ಬೇರೆ. ಕ್ರಾನ್‌ಟ್ಯಾಬ್ ಸಾಲಿನಲ್ಲಿ % ಬರೆದರೆ ಕ್ರಾನ್ (ನಮ್ಮ ಕಡೆಯ ಶೆಡ್ಯೂಲರ್) ಅದನ್ನು ಹೊಸ ಸಾಲು ಅಂತ ತಿಳಿಯುತ್ತದೆ, ಅದಕ್ಕೂ ಮೊದಲು \ ಹಾಕದಿದ್ದರೆ ಕಮಾಂಡ್ ಅಲ್ಲಿಗೇ ಕತ್ತರಿಸಿ ಹೋಗುತ್ತದೆ. ಟರ್ಮಿನಲ್‌ನಲ್ಲಿ ಅದೇ ಸಾಲು ಚೆನ್ನಾಗಿ ಓಡುತ್ತದೆ. ಇದನ್ನು ಕಂಡುಹಿಡಿಯಲು ನನಗೆ ಎರಡು ರಾತ್ರಿ ಹಿಡಿದಿತ್ತು. ಇನ್ನೊಂದು ಸಲ ಸರ್ವರ್ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಟೈಮ್‌ನಲ್ಲಿತ್ತು. ನಮ್ಮ ಭಾನುವಾರ ಬೆಳಗಿನ ಜಾವ 1:30 ಅಂದರೆ ಅಲ್ಲಿ ಶನಿವಾರ ರಾತ್ರಿ 8 ಗಂಟೆ. ವಾರದ ದಿನ ಹಾಕಿದ್ದ ಟಾಸ್ಕ್ ಒಂದು ದಿನ ಆಚೀಚೆ.

ಇದನ್ನು ಬರೆಯುವಾಗಲೇ ಹೊಳೆಯಿತು ನೋಡಿ. ನಿಮ್ಮ ಟ್ರಿಗರ್ ಸೋಮವಾರದಿಂದ ಶನಿವಾರ ಅಂದಿರಿ. 11:30 ಇದ್ದಾಗ ಸರಿ. ಈಗ 1:30 ಮಾಡಿದ ಮೇಲೆ ಶನಿವಾರದ ಕೆಲಸ ಮುಗಿದ ನಂತರದ 1:30 ಭಾನುವಾರಕ್ಕೆ ಬೀಳುತ್ತದೆ, ಭಾನುವಾರ ಟಿಕ್ ಇಲ್ಲ. ಶನಿವಾರದ ಲೆಕ್ಕ ಭಾನುವಾರ ಇಡೀ ದಿನ ಬ್ಯಾಕಪ್ ಇಲ್ಲದೆ ಕೂತಿರುತ್ತದೆ, ಸೋಮವಾರ ಬೆಳಗಿನ ಜಾವವೇ ಅದಕ್ಕೆ ಗತಿ. ಮಂಗಳವಾರದಿಂದ ಭಾನುವಾರ ಅಂತ ಬದಲಿಸಿ.


ಸಪ್ತಾಪುರ_ಸಂಜೆ
ಶುಕ್ರವಾರ, ಸಂಜೆ 6:22

ಅಯ್ಯೋ ಹೌದಲ್ಲ! ನಾನು ಬೆಳಿಗ್ಗೆಯಿಂದ ಅದನ್ನೇ ನೋಡುತ್ತಾ ಕೂತು ದಿನಗಳನ್ನು ಗಮನಿಸಲೇ ಇಲ್ಲ. ಕಾಪಿ ಬದಲು ಯಾರಾದರೂ ರೋಬೋಕಾಪಿ (ವಿಂಡೋಸ್‌ನದೇ ಇನ್ನೊಂದು ಕಾಪಿ ಕಮಾಂಡ್) ಹಾಕಿ ಅಂದರೆ ಒಂದು ನೆನಪಿಡಿ, ಅದರ ಫಲಿತಾಂಶ 1 ಅಂದರೆ ಫೈಲ್ ಕಾಪಿ ಆಯಿತು ಅಂತ ಅರ್ಥ, 8 ಮತ್ತು ಮೇಲೆ ಬಂದರೆ ಮಾತ್ರ ಕೆಟ್ಟಿದೆ ಅಂತ. ಎರರ್‌ಲೆವೆಲ್ 1 ಅಂತ ಹಾಕಿದರೆ ಚೆನ್ನಾಗಿ ನಡೆದಾಗಲೆಲ್ಲಾ ನಿಲ್ಲಿಸಿಬಿಡುತ್ತದೆ.


ಬ್ಯಾಡಗಿ_ಲೆಕ್ಕದವ
ಶನಿವಾರ, ಬೆಳಿಗ್ಗೆ 10:15

ಆಯಿತು! ನಿನ್ನೆ ರಾತ್ರಿಯದು ನ್ಯಾಸ್‌ನಲ್ಲಿ ಕೂತಿದೆ, ಹೆಸರಿನ ಕೊನೆಗೆ 0130 ಅಂತ ಸೊನ್ನೆ ಸಮೇತ. ಲಾಗ್ ಓದಿದೆ, ಎರರ್ ಇಲ್ಲ.

ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಪಿಸಿ ಹಾಕಿಕೊಟ್ಟ ಹುಡುಗ ಒಂದು ಚೀಟಿಯಲ್ಲಿ ಬರೆದು ತಿಜೋರಿ ಮೇಲೆ ಅಂಟಿಸಿ ಹೋಗಿದ್ದ, ಅದನ್ನು ಹುಡುಕಲು ಒಂದು ಗಂಟೆ ಹಿಡಿಯಿತು. ನ್ಯಾಸ್‌ನಲ್ಲಿ ಅದೇ ಹೆಸರಿನ ಯೂಸರ್ ಮಾಡಿದೆ. ಯುಪಿಎಸ್‌ಗೆ ಕೇಬಲ್ ಇತ್ತು, ಎಸಿ ಪವರ್ ಟಿಕ್ ಕೂಡ ಇತ್ತು, ತೆಗೆದೆ. ದಿನಗಳನ್ನು ಮಂಗಳವಾರದಿಂದ ಭಾನುವಾರಕ್ಕೆ ಬದಲಿಸಿದೆ. ಬೆಟಗೇರಿ ಅಣ್ಣಾ, ಅದನ್ನು ಹೇಳದಿದ್ದರೆ ಇವತ್ತಿನದು ಹೋಗುತ್ತಲೇ ಇರಲಿಲ್ಲ.

ಅಕ್ಕಾ, ಇವತ್ತು 9:55ಕ್ಕೆ ಎಕೋ ಹೊಡೆದು ನೋಡಿದೆ. ಬ್ರಾಕೆಟ್ ಆದಮೇಲೆ ಖಾಲಿ ಜಾಗ, ಆಮೇಲೆ 9. ಹತ್ತು ನಿಮಿಷ ಬಿಟ್ಟು ನೋಡಿದರೆ ಜಾಗ ಇಲ್ಲ. ಇದನ್ನು ನೋಡಲೆಂದೇ ಅರ್ಧ ಗಂಟೆ ಬೇಗ ಬಂದಿದ್ದೆ.

ಆ ಹನ್ನೊಂದರಲ್ಲಿ ನಿನ್ನೆ ಬೆಳಗಿನ ಜಾವದ್ದನ್ನು ಬೇರೆ ಫೋಲ್ಡರ್‌ಗೆ ಬಿಚ್ಚಿ ಟ್ಯಾಲಿಯಲ್ಲಿ ತೆರೆದೆ. ಗುರುವಾರದ ಕೊನೇ ಪಟ್ಟಿ ತನಕ ಎಲ್ಲಾ ಇದೆ. ಹನ್ನೊಂದನ್ನೂ ನ್ಯಾಸ್‌ಗೆ ಹಾಕಿದೆ. ಫೋರ್‌ಫೈಲ್ಸ್ ಮುಂದಿನ ರೆಮ್ ಮಾತ್ರ ಇನ್ನೂ ತೆಗೆದಿಲ್ಲ, ಏಪ್ರಿಲ್ ಬರುವ ತನಕ ತೆಗೆಯೋ ಧೈರ್ಯವೂ ಇಲ್ಲ. ಡಿಸ್ಕ್‌ನಲ್ಲಿ ಜಾಗ ಇದೆ.

ಸಾವ್ಕಾರರಿಗೆ ಈಗ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಒಂದು ಖಾಲಿ ಜಾಗಕ್ಕ ಇಷ್ಟು ರಂಪಾಟ ಏನೋ?” ಅಂದರು, ಮೊಬೈಲ್ ಕೈಗೆ ಕೊಟ್ಟು ವಾಟ್ಸಾಪ್ ಬ್ಯಾಕಪ್ ಆಗುತ್ತಿಲ್ಲ ನೋಡು ಅಂದರು.